‘ಸೇರಿಸಿಲ್ಲ’ ಎಂದರೆ ಇಲ್ಲ ಎಂದಲ್ಲ: ಪಾಕೀಟಿನ ರುಚಿ, ಹಿಂಬದಿಯ ಸಣ್ಣಕ್ಷರ

ಬಳ್ಳಾರಿಯ ಗೋಬಿ ಬಂಡಿಗಳ ಮುಂದೆ ಸಂಜೆ ಹೊತ್ತು ಈಗೀಗ ಒಂದು ಮಾತು ಕೇಳಿಬರುತ್ತದೆ: ‘ಅಣ್ಣಾ, ಟೇಸ್ಟಿಂಗ್ ಪೌಡರ್ ಹಾಕಬ್ಯಾಡ.’ ಹಾಗೆ ಹೇಳಿದವರೇ ಮನೆ ದಾರಿಯಲ್ಲಿ ಕಿರಾಣಿ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ತೂಗುಹಾಕಿದ ಸರದಿಂದ ಐದು ರೂಪಾಯಿಯ ನಾಲ್ಕು ಪಾಕೀಟು ಹರಿದುಕೊಂಡು ಮಕ್ಕಳಿಗೆ ಒಯ್ಯುತ್ತಾರೆ. ಬಂಡಿಯವನಿಗೆ ಬೇಡವೆಂದು ಹೇಳಿದ ವಸ್ತು ಆ ಪಾಕೀಟಿನಲ್ಲಿ ಬೇರೆ ಹೆಸರಿನಿಂದ, ಇಲ್ಲವೇ ಬರೀ ಮೂರಂಕಿಯ ಸಂಖ್ಯೆಯಾಗಿ ಕೂತಿರಬಹುದು.

ಜನರನ್ನು ದೂರುವಂತಿಲ್ಲ. ಒಂದರ ಹಿಂದೊಂದು ಬಂದ ಸುದ್ದಿಗಳೇ ತಲೆ ಕೆಡಿಸಿವೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಪಾಕೀಟಿನ ಮುಂಬದಿಯಲ್ಲೇ ಎಚ್ಚರಿಕೆ ಹಾಕುವ ನಿಯಮಕ್ಕೆ ಗಡುವು ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 14ರಂದು ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಹಣ್ಣಿನ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಎಂದು ಬರೆಯುವಂತಿಲ್ಲ ಎಂದಿತು. ಇವುಗಳ ನಡುವೆ ‘631 ನಂಬರ್ ಇದ್ದರೆ ಹಂದಿ ಕೊಬ್ಬು’ ಎಂಬ ಹಳೆಯ ವಾಟ್ಸಾಪ್ ಸಂದೇಶ ವರ್ಷಕ್ಕೊಮ್ಮೆ ಎದ್ದು ಸುತ್ತಾಡಿ ಮಲಗುತ್ತದೆ. ಎಲ್ಲ ಕಲಸಿ ಕೊನೆಗೆ ಉಳಿದ ಪ್ರಶ್ನೆ: ಟೇಸ್ಟಿಂಗ್ ಪೌಡರ್ ಬ್ಯಾನ್ ಆಗಿದೆಯೋ ಇಲ್ಲವೋ? ಆಗಿಲ್ಲದಿದ್ದರೆ ಪಾಕೀಟುಗಳ ಮೇಲೆ ‘ನೋ ಆಡೆಡ್ ಎಂಎಸ್‌ಜಿ’, ಅಂದರೆ ಟೇಸ್ಟಿಂಗ್ ಪೌಡರ್ ಸೇರಿಸಿಲ್ಲ, ಎಂದು ಬರೆದುಕೊಳ್ಳುವುದು ಯಾಕೆ?

ನಿಷೇಧ ಬಿದ್ದದ್ದು ಬಣ್ಣಕ್ಕೆ

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಬ್ಯಾನ್ ಆಗಿಲ್ಲ. 2024ರಲ್ಲಿ ರಾಜ್ಯದ ಅಧಿಕಾರಿಗಳು ತೆಗೆದ 171 ಗೋಬಿ ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಕಂಡುಬಂತು. ಕ್ರಮ ಆ ಬಣ್ಣದ ಮೇಲೆ. ಕಾಟನ್ ಕ್ಯಾಂಡಿಯಲ್ಲಿ ಸಿಕ್ಕ ರೋಡಮೈನ್-ಬಿ ಆಹಾರಕ್ಕೆ ಸೇರಿದ್ದೇ ಅಲ್ಲ, ಅದು ಬಟ್ಟೆ-ಕಾಗದಕ್ಕೆ ಹಾಕುವ ಬಣ್ಣ. ಟೇಸ್ಟಿಂಗ್ ಪೌಡರ್ ಅಥವಾ ಅಜಿನೋಮೋಟೋ ಎಂದು ನಾವು ಕರೆಯುವ ಮೋನೋಸೋಡಿಯಂ ಗ್ಲುಟಮೇಟ್ (ಎಂಎಸ್‌ಜಿ) ಆ ಆದೇಶದಲ್ಲಿ ಇರಲಿಲ್ಲ. ಬಂಡಿಯಲ್ಲಿ ಕೆಂಪು ಬಣ್ಣವೂ ಬಿಳಿ ಪುಡಿಯೂ ಒಂದೇ ಬಾಣಲೆಗೆ ಬೀಳುವುದರಿಂದ ಜನರ ಮನಸ್ಸಿನಲ್ಲಿ ಎರಡೂ ಒಂದಾಗಿಬಿಟ್ಟವು.

ಎಂಎಸ್‌ಜಿಗೆ ನಮ್ಮ ಕಾನೂನಿನಲ್ಲಿ ಇರುವುದು ಷರತ್ತುಗಳು. ಹನ್ನೆರಡು ತಿಂಗಳೊಳಗಿನ ಕೂಸುಗಳ ಆಹಾರಕ್ಕೆ ಹಾಕುವಂತಿಲ್ಲ. ಹಾಲು, ಜೇನು, ಚಹಾ-ಕಾಫಿಯಂಥವಕ್ಕೆ ಹಾಕುವಂತಿಲ್ಲ. ಒಣ ನೂಡಲ್ಸ್‌ಗೂ ಹಾಕುವಂತಿಲ್ಲ, ಆದರೆ ನೂಡಲ್ಸ್ ಜತೆ ಕೊಡುವ ಮಸಾಲೆ ಪುಡಿಗೆ ಹಾಕಬಹುದು. ಒಂದೇ ಪಾಕೀಟಿನೊಳಗೆ ಎರಡು ನಿಯಮ! ಹಾಕಿದರೆ ಹಾಕಿದ್ದೇವೆಂದೂ, ವರ್ಷ ತುಂಬದ ಕೂಸಿಗೆ ಸಲ್ಲದೆಂದೂ ಲೇಬಲ್ ಮೇಲೆ ಬರೆಯಬೇಕು.

ಬಂಡಿಗೆ ಲೇಬಲ್ಲೇ ಇಲ್ಲ, ಹಾಗಾಗಿ ಅಲ್ಲಿ ಗಿರಾಕಿ ಬಾಯಿ ಬಿಟ್ಟು ಕೇಳಬೇಕು, ಕೇಳುತ್ತಾನೆ ಕೂಡ. ಪಾಕೀಟಿಗೆ ಲೇಬಲ್ ಇದೆ, ಅದಕ್ಕೇ ಯಾರೂ ಕೇಳುವುದಿಲ್ಲ. ತೊಡಕು ಶುರುವಾಗುವುದು ಇಲ್ಲಿಂದ.

ಸರದಲ್ಲಿದ್ದ ಮಣಿ, ಬಿಡಿಯಾದ ಮಣಿ

ಗ್ಲುಟಮೇಟ್ ಎಂಬುದು ಯಾವುದೋ ಲ್ಯಾಬಿನಲ್ಲಿ ಹುಟ್ಟಿದ ವಿಚಿತ್ರ ವಸ್ತುವೇನಲ್ಲ. ಅದು ಪ್ರೋಟೀನಿನ ಒಂದು ಭಾಗ. ಬೇಳೆ, ಗೋಧಿ, ಶೇಂಗಾ, ಮಾಂಸ, ಹಾಲು ಎಲ್ಲದರಲ್ಲೂ ಇದೆ. ಆದರೆ ಪ್ರೋಟೀನ್ ಎಂಬ ಸರದಲ್ಲಿ ಪೋಣಿಸಿಕೊಂಡಿರುವ ತನಕ ಈ ಮಣಿಗೆ ರುಚಿಯಿಲ್ಲ. ಸರ ಕಡಿದು ಮಣಿ ಬಿಡಿಯಾದಾಗ ಮಾತ್ರ ನಾಲಿಗೆ ಅದನ್ನು ಗುರುತಿಸುತ್ತದೆ. ಹಣ್ಣಾದ ಟೊಮೆಟೊದಲ್ಲಿ, ಅಣಬೆಯಲ್ಲಿ, ತಾಯಿಯ ಹಾಲಿನಲ್ಲಿಯೂ ಹೀಗೆ ಬಿಡಿಯಾದ ಗ್ಲುಟಮೇಟ್ ಇರುತ್ತದೆ. ಸಾರಿಗೆ ಟೊಮೆಟೊ ಹೆಚ್ಚಾದಷ್ಟೂ ಬಾಯಿ ಚಪ್ಪರಿಸುವಂತಾಗುವುದರ ಗುಟ್ಟಿನಲ್ಲಿ ಹುಳಿಯ ಜತೆ ಇದಕ್ಕೂ ಪಾಲಿದೆ.

ಇದನ್ನು ಬೇರ್ಪಡಿಸಿ ತೋರಿಸಿದವರು ಟೋಕಿಯೊದ ರಸಾಯನ ವಿಜ್ಞಾನಿ ಕಿಕುನೆ ಇಕೆಡಾ, 1908ರಲ್ಲಿ. ಜಪಾನೀಯರು ಸಾರಿಗೆ ಹಾಕುವ ಕೊಂಬು ಎಂಬ ಕಡಲಪಾಚಿಯಿಂದ ಅವರು ಅದನ್ನು ತೆಗೆದರು, ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಮರುವರ್ಷವೇ ಅದು ಅಜಿನೋಮೋಟೋ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಷಡ್ರಸಗಳ ನಮ್ಮ ಹಳೆಯ ಪಟ್ಟಿಯಲ್ಲಿ ಖಾರ, ಒಗರು ಕೂಡ ಇವೆ, ಇದಕ್ಕೆ ಮಾತ್ರ ಜಾಗವಿಲ್ಲ. ಈಗ ಪಾಚಿ ಯಾರಿಗೂ ಬೇಕಿಲ್ಲ. ಕಬ್ಬಿನ ಕಾಕಂಬಿ ಅಥವಾ ಪಿಷ್ಟವನ್ನು ಬ್ಯಾಕ್ಟೀರಿಯಾ ಬಳಸಿ ಹುದುಗಿಸಿ ಕಾರ್ಖಾನೆಗಳಲ್ಲಿ ತಯಾರಿಸುತ್ತಾರೆ.

ಟೊಮೆಟೊದಿಂದ ಬಂದ ಬಿಡಿ ಗ್ಲುಟಮೇಟಿಗೂ ಕಾರ್ಖಾನೆಯದಕ್ಕೂ ದೇಹದಲ್ಲಿ ವ್ಯತ್ಯಾಸವಿಲ್ಲ, ಪ್ರಯೋಗಾಲಯದಲ್ಲೂ ಇಲ್ಲ. ಮುಂದೆ ನಡೆದ ಜಗಳಗಳಿಗೆಲ್ಲ ಈ ಒಂದು ಸಂಗತಿಯೇ ಬೇರು.

ಒಂದು ಪಾಕೀಟು ತಿರುಗಿಸಿ ನೋಡಿದರೆ

ಖಾರದ ಕುರುಕಲು ತಿಂಡಿಯ ಒಂದು ಪಾಕೀಟು ಕೈಗೆ ತಗೊಳ್ಳಿ. ಮುಂಬದಿಯಲ್ಲಿ ಟೊಮೆಟೊ, ಹಸಿಮೆಣಸಿನಕಾಯಿ, ಪುದೀನದ ಚಿತ್ರ. ತಿರುಗಿಸಿ. ಹೊಳೆಯುವ ಹಾಳೆಯ ಮಡಿಕೆಯ ಹತ್ತಿರ, ಬೆಳಕಿಗೆ ಹಿಡಿದು ವಾಲಿಸಿದರಷ್ಟೇ ಕಾಣುವ ಇಂಗ್ಲಿಷ್ ಸಾಲುಗಳು. ಸಾಮಾನ್ಯವಾಗಿ ಕ್ರಮ ಹೀಗಿರುತ್ತದೆ: ಅಕ್ಕಿ ಅಥವಾ ಜೋಳದ ಹಿಟ್ಟು, ಪಾಮೋಲಿನ್ ಎಣ್ಣೆ, ನಂತರ ‘ಸೀಸನಿಂಗ್’. ಸೀಸನಿಂಗ್ ಎಂಬುದರ ಪಕ್ಕದ ಕಂಸದೊಳಗೆ ಉಪ್ಪು, ಸಕ್ಕರೆ, ಮಾಲ್ಟೋಡೆಕ್ಸ್‌ಟ್ರಿನ್, ‘ಸ್ಪೈಸಸ್ ಅಂಡ್ ಕಾಂಡಿಮೆಂಟ್ಸ್’, ಹೈಡ್ರೊಲೈಸ್ಡ್ ವೆಜಿಟೆಬಲ್ ಪ್ರೋಟೀನ್, ಆಸಿಡಿಟಿ ರೆಗ್ಯುಲೇಟರ್ 330, ಆಂಟಿಕೇಕಿಂಗ್ ಏಜೆಂಟ್ 551, ಫ್ಲೇವರ್ ಎನ್‌ಹ್ಯಾನ್ಸರ್ 627, 631.

ಕಾನೂನು ಪಾಲನೆಯಾಗಿದೆ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು, ಬರೆದಿದ್ದಾರೆ. ಸೇರ್ಪಡೆಗಳನ್ನು ಯಾವ ವರ್ಗದವು ಎಂದು ಹೇಳಿ ಹೆಸರನ್ನೋ ಐಎನ್‌ಎಸ್ ಎಂಬ ಅಂತರರಾಷ್ಟ್ರೀಯ ಪಟ್ಟಿಯ ಸಂಖ್ಯೆಯನ್ನೋ ಕೊಡಬೇಕು, ಸಂಖ್ಯೆ ಕೊಟ್ಟಿದ್ದಾರೆ. ಎರಡರಲ್ಲಿ ಯಾವುದನ್ನು ಕೊಡುವುದೆಂಬ ಆಯ್ಕೆ ತಯಾರಕನದು. 330 ಎಂದರೆ ಸಿಟ್ರಿಕ್ ಆಮ್ಲ, ನಿಂಬೆಹುಳಿಯಲ್ಲಿರುವುದೇ. 551 ಪುಡಿ ಗಂಟು ಕಟ್ಟದಂತೆ ತಡೆಯುವ ಸಿಲಿಕಾ. ಹೆದರಬೇಕಾದ್ದೇನಿಲ್ಲ. ನಿಂತು ನೋಡಬೇಕಾದ್ದು ಕೊನೆಯ ಎರಡು ಸಂಖ್ಯೆಗಳನ್ನು.

627 ಡೈಸೋಡಿಯಂ ಗ್ವಾನಿಲೇಟ್, 631 ಡೈಸೋಡಿಯಂ ಇನೋಸಿನೇಟ್. ಎರಡನ್ನೂ ಬೆರೆಸಿದರೆ 635. ಇವು ಒಂಟಿಯಾಗಿ ಹೆಚ್ಚು ಕೆಲಸ ಮಾಡುವುದಿಲ್ಲ. ಬಿಡಿ ಗ್ಲುಟಮೇಟ್ ಜತೆಗಿದ್ದರೆ ಚಿಟಿಕೆಯಷ್ಟೇ ಸಾಕು, ಅದರ ರುಚಿಯನ್ನು ಹಲವು ಪಟ್ಟು ಏರಿಸುತ್ತವೆ. ದುಬಾರಿ ವಸ್ತುವನ್ನು ಸುಮ್ಮನೆ ಹಾಕುವ ವ್ಯಾಪಾರಿ ಇಲ್ಲ. ಹಾಗಾಗಿ 627, 631, 635 ಕಂಡವೆಂದರೆ ಅದೇ ಪಾಕೀಟಿನಲ್ಲಿ ಎಲ್ಲೋ ಬಿಡಿ ಗ್ಲುಟಮೇಟ್ ಇರುವ ಸಂಭವ ಬಲವಾಗಿದೆ. 621 ಎಂದು ಬರೆದಿದ್ದರೆ ಅದು ನೇರ ಟೇಸ್ಟಿಂಗ್ ಪೌಡರ್. ಬರೆದಿಲ್ಲದಿದ್ದರೆ ಹೈಡ್ರೊಲೈಸ್ಡ್ ಪ್ರೋಟೀನ್, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಅಥವಾ ಸೋಯಾ ಸಾಸ್ ಪುಡಿಯ ಕಡೆ ಕಣ್ಣು ಹಾಯಿಸಿ. ಹೈಡ್ರೊಲೈಸ್ ಮಾಡುವುದೆಂದರೆ ಪ್ರೋಟೀನಿನ ಸರ ಕಡಿಯುವುದೇ. ಬಿಡಿಯಾದ ಮಣಿಗಳಲ್ಲಿ ಗ್ಲುಟಮೇಟ್ ಇದ್ದೇ ಇರುತ್ತದೆ.

ಅಲ್ಲಿಗೆ ‘ಎಂಎಸ್‌ಜಿ ಸೇರಿಸಿಲ್ಲ’ ಎಂಬ ಮಾತು ಅಕ್ಷರಶಃ ನಿಜ. ಸೇರಿಸಿದ್ದು ಎಂಎಸ್‌ಜಿಯನ್ನಲ್ಲ, ಅದೇ ಕೆಲಸ ಮಾಡುವ ಇನ್ನೊಂದನ್ನು. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಈ ಜಾಣತನವನ್ನು ಒಪ್ಪುವುದಿಲ್ಲ. ಹೈಡ್ರೊಲೈಸ್ಡ್ ಪ್ರೋಟೀನ್ ಅಥವಾ ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಇರುವ ಆಹಾರದ ಮೇಲೆ ‘ನೋ ಎಂಎಸ್‌ಜಿ’ ಎನ್ನುವಂತಿಲ್ಲ ಎಂಬುದು ಅದರ ನಿಲುವು. ಆಹಾರದ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಕೋಡೆಕ್ಸ್ ಸಂಸ್ಥೆಯ 1979ರ ಮಾರ್ಗಸೂಚಿಯೂ, ಒಂದು ವಸ್ತು ಇಲ್ಲವೆಂದು ಹೇಳಿಕೊಳ್ಳುವಾಗ ಅದೇ ಗುಣದ ಇನ್ನೊಂದನ್ನು ಬದಲಿಗೆ ಹಾಕಿದ್ದರೆ ಅದನ್ನು ತಿಳಿಸಬೇಕು ಎನ್ನುತ್ತದೆ.

ಶೇಂಗಾದ ಸಾಕ್ಷಿ

ನಮ್ಮಲ್ಲಿ ಈ ವಿಷಯ ದೇಶದ ಮುಂದೆ ಬಂದದ್ದು ಮ್ಯಾಗಿ ಪ್ರಕರಣದಲ್ಲಿ. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ 2014ರಲ್ಲಿ ತೆಗೆದ ಮಾದರಿಯ ಲೇಬಲ್ ಮೇಲೆ ‘ನೋ ಆಡೆಡ್ ಎಂಎಸ್‌ಜಿ’ ಎಂದಿತ್ತು, ಪರೀಕ್ಷೆಯಲ್ಲಿ ಗ್ಲುಟಮೇಟ್ ಸಿಕ್ಕಿತು. ಮೇಲ್ಪರೀಕ್ಷೆಗೆ ಕೋಲ್ಕತ್ತಕ್ಕೆ ಹೋದಾಗ 2.5 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 2.5 ಭಾಗ) ಮಿತಿಯ ಸೀಸ 17.2 ಇದೆಯೆಂಬ ವರದಿ ಬಂತು. ಸೀಸದ ಸುದ್ದಿ ಎಷ್ಟು ದೊಡ್ಡದಾಯಿತೆಂದರೆ ಮೊದಲ ಪ್ರಶ್ನೆ ಅದರಡಿ ಮುಚ್ಚಿಹೋಯಿತು. 2015ರ ಜೂನ್ 5ರಂದು ನಿಷೇಧ ಬಿತ್ತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಅದನ್ನು ರದ್ದುಮಾಡಿತು. ಪರೀಕ್ಷಿಸಿದ ಪ್ರಯೋಗಾಲಯಗಳಿಗೆ ಸರಿಯಾದ ಮಾನ್ಯತೆ ಇರಲಿಲ್ಲ, ಕಂಪನಿಯ ಅಹವಾಲು ಕೇಳಿರಲಿಲ್ಲ ಎಂಬುದು ಕಾರಣ. ಮರುಪರೀಕ್ಷೆಯಲ್ಲಿ ಸೀಸ ಮಿತಿಯೊಳಗಿತ್ತು, ನವೆಂಬರಿನಲ್ಲಿ ನೂಡಲ್ಸ್ ಅಂಗಡಿಗೆ ಮರಳಿತು.

ಗ್ಲುಟಮೇಟ್ ಬಗ್ಗೆ ಕಂಪನಿ ಹೇಳಿದ್ದು ಕುತೂಹಲಕರವಾಗಿದೆ. ನಾವು ಎಂಎಸ್‌ಜಿ ಹಾಕುವುದಿಲ್ಲ, ಹೈಡ್ರೊಲೈಸ್ ಮಾಡಿದ ಶೇಂಗಾ ಪ್ರೋಟೀನ್, ಈರುಳ್ಳಿ ಪುಡಿ ಮತ್ತು ಗೋಧಿ ಹಿಟ್ಟಿನಿಂದ ಅದು ತಾನಾಗಿ ಬರುತ್ತದೆ ಎಂದಿತು. ಈರುಳ್ಳಿ, ಗೋಧಿಯ ಮಾತು ಸರಿ. ಆದರೆ ಶೇಂಗಾದ ಪ್ರೋಟೀನನ್ನು ಕಡಿದು ಹಾಕುವುದು ‘ತಾನಾಗಿ’ ಹೇಗಾದೀತು? ಬಳ್ಳಾರಿ, ಕೊಪ್ಪಳದ ಕಡೆ ದಿನಾ ಶೇಂಗಾ ಚಟ್ನಿ ತಿನ್ನುವವರಿಗೆ ಗೊತ್ತು, ಹುರಿದು ಕುಟ್ಟಿದ ಶೇಂಗಾದಲ್ಲಿ ನೂಡಲ್ಸ್ ಮಸಾಲೆಯ ರುಚಿ ಬರುವುದಿಲ್ಲ.

ಮರುವರ್ಷ, 2016ರ ಮಾರ್ಚ್ 31ರಂದು ಪ್ರಾಧಿಕಾರ ಒಂದು ಆದೇಶ ಹೊರಡಿಸಿತು. ಆಹಾರದಲ್ಲಿ ಸಹಜವಾಗಿದ್ದ ಗ್ಲುಟಮೇಟ್ ಯಾವುದು, ಹಾಕಿದ್ದು ಯಾವುದು ಎಂದು ಬೇರ್ಪಡಿಸುವ ಪರೀಕ್ಷೆ ಇಲ್ಲ. ಆದ್ದರಿಂದ ಲೇಬಲ್ ಮೇಲೆ ‘ನೋ ಎಂಎಸ್‌ಜಿ’ ಅಥವಾ ‘ನೋ ಆಡೆಡ್ ಎಂಎಸ್‌ಜಿ’ ಎಂದು ಬರೆದಿದ್ದು, ಒಳಗೆ ಅದು ಸಿಕ್ಕಾಗ ಮಾತ್ರ ಮೊಕದ್ದಮೆ ಹೂಡಬೇಕು ಎಂಬುದು ಅದರ ತಿರುಳು. ಅಧಿಕಾರಿಗಳ ಕಿರುಕುಳ ತಪ್ಪಿಸುವುದಕ್ಕೂ ಗ್ರಾಹಕರ ಹಿತಕ್ಕೂ ಎರಡಕ್ಕೂ ಇದು ಎಂದರು. ಸುಳ್ಳು ಹೇಳಿಕೆಗೆ ಕಡಿವಾಣ ಹಾಕಿದ್ದು ಒಳ್ಳೆಯದೇ. ಆದರೆ ಕಾನೂನಿನ ಬಾಗಿಲು ಹೇಳಿಕೆ ಕೊಟ್ಟವರಿಗೆ ಮಾತ್ರ ತೆರೆಯುವುದಾದರೆ ಸುಮ್ಮನಿರುವುದೇ ಕ್ಷೇಮ. ಎಂಎಸ್‌ಜಿ ಎಂಬ ಮಾತನ್ನೇ ಎತ್ತದೆ, ಹೈಡ್ರೊಲೈಸ್ಡ್ ಪ್ರೋಟೀನ್ ಹಾಕಿ, ಮುಂಬದಿಯಲ್ಲಿ ‘ಮನೆರುಚಿ’ ಎಂದು ಬರೆದರೆ ಈ ಆದೇಶದ ಬಿಸಿ ತಟ್ಟುವುದಿಲ್ಲ.

631ರ ಸಂದೇಶ ಪೂರ್ತಿ ಸುಳ್ಳೇ?

ಹಂದಿ ಕೊಬ್ಬಿನ ಸಂದೇಶವನ್ನು ‘ಫೇಕ್’ ಎಂದು ತಳ್ಳಿಹಾಕುವವರೂ ಅರ್ಧ ಮಾತ್ರ ಸರಿ. ಡೈಸೋಡಿಯಂ ಇನೋಸಿನೇಟನ್ನು ಮಾಂಸ, ಮೀನಿನಿಂದಲೂ ತೆಗೆಯಬಹುದು, ಮರಗೆಣಸಿನಂಥ ಸಸ್ಯಮೂಲದ ಪಿಷ್ಟವನ್ನು ಹುದುಗಿಸಿಯೂ ತೆಗೆಯಬಹುದು. 631 ಎಂಬ ಸಂಖ್ಯೆ ವಸ್ತು ಯಾವುದೆಂದು ಹೇಳುತ್ತದೆ, ಎಲ್ಲಿಂದ ಬಂತೆಂದು ಹೇಳುವುದಿಲ್ಲ. 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಇದೇ ವಸ್ತುವನ್ನು ಹೆಸರಿಸಿ, ಪ್ರಮಾಣ ಎಷ್ಟೇ ಕಡಿಮೆಯಿದ್ದರೂ ಪ್ರತಿ ಪದಾರ್ಥದ ಮೂಲ ಸಸ್ಯವೋ ಪ್ರಾಣಿಯೋ ಎಂಬುದನ್ನು ತಿಳಿಸಬೇಕು, ಕೋಡ್ ಸಂಖ್ಯೆ ಬರೆದು ಕೈತೊಳೆದುಕೊಳ್ಳುವಂತಿಲ್ಲ ಎಂದು ಆದೇಶಿಸಿತು.

ಚೌಕದೊಳಗಿನ ಹಸಿರು ಚುಕ್ಕೆ ಇದ್ದ ಪಾಕೀಟಿನಲ್ಲಿ ಪ್ರಾಣಿಮೂಲದ 631 ಇದ್ದರೆ ಅದು ಸ್ಪಷ್ಟ ಅಪರಾಧ. ಹಾಗಾಗಿ ಹಸಿರು ಚುಕ್ಕೆಯ ಪಾಕೀಟಿನ ಫೋಟೊ ಹಾಕಿ ‘ಹಂದಿ’ ಎನ್ನುವುದು ಆಧಾರವಿಲ್ಲದ ಮಾತು. ಆದರೂ ಗಾಳಿಮಾತು ಹುಟ್ಟಿದ್ದು ಸಂಖ್ಯೆಯ ಹಿಂದೆ ಏನಿದೆಯೆಂದು ಹೇಳದ ಕಡೆಯಲ್ಲೇ. ಎಲ್ಲಿ ವಿವರವಿಲ್ಲವೋ ಅಲ್ಲಿ ವಾಟ್ಸಾಪ್ ಬಂದು ಕೂರುತ್ತದೆ.

ಹಾಗಾದರೆ ಹಾನಿ ಎಲ್ಲಿ?

ಎಂಎಸ್‌ಜಿ ವಿಷವೆಂಬ ನಂಬಿಕೆಗೆ ಅರ್ಧ ಶತಮಾನದ ಮೇಲಿನ ವಯಸ್ಸು. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ವೈದ್ಯರೊಬ್ಬರು ಬರೆದ ಪತ್ರದಿಂದ ಶುರುವಾಯಿತು. ಚೀನೀ ಹೋಟೆಲಿನಲ್ಲಿ ಉಂಡ ಮೇಲೆ ಕುತ್ತಿಗೆ ಜೋಮು ಹಿಡಿಯುತ್ತದೆ, ಎದೆ ಬಡಿದುಕೊಳ್ಳುತ್ತದೆ ಎಂದು ಅವರು ಬರೆದು, ಹಲವು ಕಾರಣಗಳನ್ನು ಊಹಿಸಿದ್ದರು. ಉಳಿದ ಊಹೆಗಳು ಮರೆತುಹೋದವು, ಎಂಎಸ್‌ಜಿ ಉಳಿಯಿತು. ನಂತರದ ಪರೀಕ್ಷೆಗಳ ಸಾರ ಇಷ್ಟು: ಊಟವಿಲ್ಲದೆ ಬರೀ ಹೊಟ್ಟೆಯಲ್ಲಿ 3 ಗ್ರಾಂ ಅಥವಾ ಹೆಚ್ಚು ತಗೊಂಡಾಗ ಕೆಲವು ಸೂಕ್ಷ್ಮ ದೇಹದವರಿಗೆ ತಲೆನೋವು, ಜೋಮು ತಾತ್ಕಾಲಿಕವಾಗಿ ಕಾಣಿಸಬಹುದು. ಒಂದು ಸಲಕ್ಕೆ ತಿನ್ನುವ ಆಹಾರದಲ್ಲಿ ಸಾಮಾನ್ಯವಾಗಿ ಸೇರಿಸುವುದು ಅರ್ಧ ಗ್ರಾಮಿಗಿಂತ ಕಡಿಮೆ ಎಂಬುದು ಎಫ್‌ಡಿಎ ಲೆಕ್ಕ.

ತಜ್ಞ ಸಂಸ್ಥೆಗಳೂ ಒಂದೇ ಮಾತಾಡುವುದಿಲ್ಲ. ವಿಶ್ವಸಂಸ್ಥೆಯ ಜಂಟಿ ತಜ್ಞ ಸಮಿತಿ 1987ರಲ್ಲಿ ದಿನಕ್ಕಿಷ್ಟೆಂಬ ಮಿತಿಯೇ ಬೇಡ ಎಂದಿತು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2017ರಲ್ಲಿ ದೇಹತೂಕದ ಪ್ರತಿ ಕಿಲೊಗೆ 30 ಮಿಲಿಗ್ರಾಂ ಎಂದು ಮಿತಿ ಹಾಕಿತು. 60 ಕಿಲೊ ತೂಕದವರಿಗೆ ಅದು 1.8 ಗ್ರಾಂ, 15 ಕಿಲೊದ ಮಗುವಿಗೆ 450 ಮಿಲಿಗ್ರಾಂ. ದಿನಕ್ಕೆ ಮೂರು ನಾಲ್ಕು ಪಾಕೀಟು ತಿನ್ನುವ ಮಗು ಈ ಮಿತಿ ದಾಟಿತೇ ಎಂದು ಯಾವ ತಾಯಿಯೂ ಲೆಕ್ಕ ಹಾಕಲಾರಳು, ಯಾಕೆಂದರೆ ಲೇಬಲ್ ಮೇಲೆ ವಸ್ತುವಿನ ಹೆಸರೋ ಸಂಖ್ಯೆಯೋ ಇರುತ್ತದೆ, ಪ್ರಮಾಣ ಇರುವುದಿಲ್ಲ.

ನಿಜವಾದ ತೊಂದರೆ ಗ್ಲುಟಮೇಟಿನ ಗುಣಕ್ಕಿಂತ ಅದು ಮಾಡುವ ಕೆಲಸದಲ್ಲಿದೆ ಎನ್ನಬೇಕು. ಹಿಟ್ಟು ಮತ್ತು ಪಾಮೋಲಿನ್ ಎಣ್ಣೆಗೆ ತಮ್ಮದೇ ಎಂಬ ರುಚಿ ಇಲ್ಲ. ಅಂಥದ್ದನ್ನು ಕೈ ಬಿಡದಂತೆ ತಿನ್ನಿಸುವುದು ಉಪ್ಪು, ಹುಳಿ ಮತ್ತು ಈ ರುಚಿವರ್ಧಕಗಳ ಜೋಡಣೆ. ಎಂಎಸ್‌ಜಿಯಲ್ಲಿ ಸೋಡಿಯಂ ಶೇ 12ರಷ್ಟು, ಅಡುಗೆ ಉಪ್ಪಿನಲ್ಲಿ ಶೇ 39ರಷ್ಟು. ಆದ್ದರಿಂದ ರುಚಿವರ್ಧಕ ಹಾಕಿ ಉಪ್ಪು ಕಡಿಮೆ ಮಾಡಬಹುದು ಎಂಬ ಉದ್ಯಮದ ವಾದದಲ್ಲಿ ಹುರುಳಿದೆ. ಮಾಡಬಹುದು, ಸರಿ. ಮಾಡಿದ್ದಾರೆಯೇ ಎಂದು ನೋಡಲು ಪೌಷ್ಟಿಕಾಂಶದ ಪಟ್ಟಿಯ ಸೋಡಿಯಂ ಸಾಲು ಓದಬೇಕು. ದಿನದ ಮಿತಿ 2,000 ಮಿಲಿಗ್ರಾಂ ಸೋಡಿಯಂ, ಅಂದರೆ ಸುಮಾರು 5 ಗ್ರಾಂ ಉಪ್ಪು. 100 ಗ್ರಾಮಿಗೆ 800 ಮಿಲಿಗ್ರಾಂ ಎಂದು ಬರೆದಿರುವ ತಿಂಡಿಯನ್ನು 50 ಗ್ರಾಂ ತಿಂದರೆ 400 ಮಿಲಿಗ್ರಾಂ, ದಿನದ ಪಾಲಿನ ಐದನೇ ಒಂದು ಭಾಗ ಅಲ್ಲಿಗೆ ಮುಗಿಯಿತು. ಅದೂ ಊಟಕ್ಕೆ ಕೂರುವ ಮೊದಲು.

ಈ ಭಾಗದ ಮಟ್ಟಿಗೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚೆಂಬ ಕಾರಣಕ್ಕೇ 2021ರ ಡಿಸೆಂಬರಿನಿಂದ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊದಲಿಗೆ ಮೊಟ್ಟೆ ಕೊಡಲು ಶುರುಮಾಡಿದ್ದು. ಮಧ್ಯಾಹ್ನ ಮೊಟ್ಟೆ ಕೊಡುವ ಶಾಲೆಯ ಗೇಟಿನಾಚೆ ಹನ್ನೊಂದು ಗಂಟೆಗೇ ಐದು ರೂಪಾಯಿ ಪಾಕೀಟಿನಿಂದ ಹೊಟ್ಟೆ ತುಂಬಿದರೆ ತಟ್ಟೆಯ ಅನ್ನ, ಸಾರು ಹಾಗೇ ಉಳಿಯುತ್ತದೆ. ಒಗ್ಗರಣೆ ಹಾಕಿದ ಸುಸಲಾ, ಹುರಿಗಡಲೆ, ಶೇಂಗಾ-ಬೆಲ್ಲ ಅಗ್ಗಕ್ಕೆ ಸಿಗುವ ಊರುಗಳಿವು. ಅವು ಸೋಲುತ್ತಿರುವುದು ಬೆಲೆಯಲ್ಲಿ ಅಲ್ಲ, ನಾಲಿಗೆಯ ಮೇಲೆ.

ಓದು ಬಲ್ಲವರೂ ಓದಲಾಗದ್ದು

2020ರ ಲೇಬಲಿಂಗ್ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಬೇರೆ ಭಾಷೆಯನ್ನು ಜತೆಗೆ ಬಳಸಲು ಅಡ್ಡಿಯಿಲ್ಲ, ಬಳಸಲೇಬೇಕೆಂದೂ ಇಲ್ಲ. ಕನ್ನಡ ಚೆನ್ನಾಗಿ ಓದಬಲ್ಲ ಸಿಂಧನೂರಿನ ಗೃಹಿಣಿಗೆ ‘ಹನ್ನೆರಡು ತಿಂಗಳೊಳಗಿನ ಮಗುವಿಗೆ ಬೇಡ’ ಎಂಬ ಎಚ್ಚರಿಕೆ ಕನ್ನಡದಲ್ಲಿ ಸಿಗಬೇಕೆಂಬ ಹಕ್ಕು ಈ ನಿಯಮದಲ್ಲಿ ಇಲ್ಲ.

ರಾಜ್ಯದ ಕಾನೂನು ಸ್ವಲ್ಪ ಮುಂದೆ ಹೋಗಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ರ ಪ್ರಕಾರ ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು. 2025ರ ಫೆಬ್ರವರಿಯಲ್ಲಿ ಸರ್ಕಾರ ಇದನ್ನು ಮತ್ತೆ ನೆನಪಿಸಿತು. ಗಮನಿಸಿ, ಹೆಸರು ಮತ್ತು ಬಳಕೆಯ ಸೂಚನೆ. ಪದಾರ್ಥಗಳ ಪಟ್ಟಿಯ ಮಾತಿಲ್ಲ. ಹಾಗಾಗಿ ಮುಂಬದಿಯ ‘ಖಾರಾ ಮಸಾಲಾ’ ಕನ್ನಡಕ್ಕೆ ಬಂದರೂ ಹಿಂಬದಿಯ 627 ಇಂಗ್ಲಿಷಿನಲ್ಲೇ ಉಳಿಯಬಹುದು. ಗಡಿಯಾಚೆಯಿಂದ ರಾಯಚೂರು, ಬಳ್ಳಾರಿಗೆ ಬರುವ ಮಾಲಿಗೆ ಆ ಅರ್ಧ ನಿಯಮವೂ ಅನ್ವಯಿಸುವುದಿಲ್ಲ.

ಓಆರ್‌ಎಸ್ ಕಲಿಸಿದ್ದು

ಬೇಸಿಗೆಯ ಬಿಸಿಲಿಗೆ ಹೆಸರಾದ ರಾಯಚೂರಿನಲ್ಲಿ ಓಆರ್‌ಎಸ್ ಎಂದರೆ ಏನೆಂದು ವಿವರಿಸಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲುಕೋಸ್, 2.6 ಗ್ರಾಂ ಉಪ್ಪು ಮತ್ತು ಇನ್ನೆರಡು ಲವಣಗಳಿವೆ. ಆ ಅಳತೆ ತಪ್ಪಿ ಸಕ್ಕರೆ ಹೆಚ್ಚಾದರೆ ಭೇದಿ ನಿಲ್ಲುವ ಬದಲು ಜಾಸ್ತಿಯಾಗಬಹುದು. ಆದರೂ ಸಿಹಿ ಪಾನೀಯಗಳು ತಮ್ಮ ಹೆಸರಿನ ಹಿಂದೆ ಮುಂದೆ ಈ ಮೂರಕ್ಷರ ಅಂಟಿಸಿಕೊಳ್ಳಲು 2022ರಲ್ಲಿ, ಮತ್ತೆ 2024ರಲ್ಲಿ ಪ್ರಾಧಿಕಾರವೇ ಅವಕಾಶ ಕೊಟ್ಟಿತ್ತು. ಷರತ್ತು ಒಂದೇ: ‘ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಅಲ್ಲ’ ಎಂದೂ ಬರೆಯಬೇಕು. ದೊಡ್ಡಕ್ಷರದಲ್ಲಿ ಹೌದು, ಸಣ್ಣಕ್ಷರದಲ್ಲಿ ಅಲ್ಲ! ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಹಲವು ವರ್ಷ ಹೋರಾಡಿದ ಮೇಲೆ 2025ರ ಅಕ್ಟೋಬರಿನಲ್ಲಿ ಆ ಅವಕಾಶ ಹಿಂದಕ್ಕೆ ಹೋಯಿತು.

ರುಚಿವರ್ಧಕದ ವಿಚಾರಕ್ಕೆ ಇದು ಯಾಕೆ ಮುಖ್ಯವೆಂದರೆ, ಸಣ್ಣಕ್ಷರದ ವಿವರಣೆ ದೊಡ್ಡಕ್ಷರದ ತಪ್ಪು ಕಲ್ಪನೆಯನ್ನು ಸರಿಪಡಿಸುವುದಿಲ್ಲ ಎಂಬುದನ್ನು ಪ್ರಾಧಿಕಾರವೇ ಇಲ್ಲಿ ಒಪ್ಪಿಕೊಂಡಂತಾಯಿತು. ಅದೇ ತರ್ಕವನ್ನು ‘ಸೇರಿಸಿಲ್ಲ’, ‘ನ್ಯಾಚುರಲ್’, ‘ಮನೆರುಚಿ’ಗೆ ಇನ್ನೂ ಹಚ್ಚಿಲ್ಲ.

ಪುಡಿ ಕೊಟ್ಟವನು ಯಾರು, ದಂಡ ಕಟ್ಟುವವನು ಯಾರು

ಲೇಬಲ್ ತಪ್ಪೆಂದರೆ ದೊಡ್ಡ ಕಂಪನಿಗಳ ಮೋಸವೆಂದೇ ಎಲ್ಲರ ಎಣಿಕೆ. ಸಣ್ಣ ತಯಾರಕರ ಕಥೆ ಬೇರೆ. ಊರಲ್ಲೇ ಚಿಪ್ಸ್, ಖಾರಾ ಕರಿದು ಪಾಕೀಟು ಮಾಡುವವರು ಮೇಲೆ ಉದುರಿಸುವ ಮಸಾಲೆಯನ್ನು ತಾವೇ ಕುಟ್ಟುವುದಿಲ್ಲ. ‘ಟೊಮೆಟೊ’, ‘ಕ್ರೀಮ್ ಆ್ಯಂಡ್ ಆನಿಯನ್’, ‘ಚಟ್‌ಪಟಾ’ ಎಂಬ ಹೆಸರಿನ ಸಿದ್ಧ ಪುಡಿ ಚೀಲದಲ್ಲಿ ಸಿಗುತ್ತದೆ. ಅದರಲ್ಲಿ ಹೈಡ್ರೊಲೈಸ್ಡ್ ಪ್ರೋಟೀನ್ ಇದೆಯೋ 635 ಇದೆಯೋ ಎಂದು ಚೀಲದ ಚೀಟಿ ಓದದೆ, ಮಾರಿದವನ ಮಾತು ನಂಬಿ ‘ನೋ ಎಂಎಸ್‌ಜಿ’ ಎಂದು ಪಾಕೀಟಿನ ಮೇಲೆ ಅಚ್ಚು ಹಾಕಿಸಿದರೆ, ಮಾದರಿ ಸಿಕ್ಕಿಬಿದ್ದ ದಿನ ಮೊದಲು ಹೊಣೆಯಾಗುವುದು ಪಾಕೀಟಿನ ಮೇಲೆ ಹೆಸರಿದ್ದವರು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 52ನೇ ಕಲಮಿನಡಿ ಮಿಸ್‌ಬ್ರಾಂಡೆಡ್, ಅಂದರೆ ಲೇಬಲ್ ತಪ್ಪಾಗಿರುವ, ಆಹಾರಕ್ಕೆ 3 ಲಕ್ಷ ರೂಪಾಯಿ ತನಕ ದಂಡ, ದಾರಿ ತಪ್ಪಿಸುವ ಜಾಹೀರಾತಿಗೆ 53ನೇ ಕಲಮಿನಡಿ 10 ಲಕ್ಷ ತನಕ. ದೊಡ್ಡ ಕಂಪನಿಗೆ ಇದು ಒಂದು ದಿನದ ಜಾಹೀರಾತಿನ ಖರ್ಚೂ ಅಲ್ಲ. ಗಂಗಾವತಿಯ ಒಂದು ಬಾಣಲೆಯ ಉದ್ದಿಮೆಗೆ ಅದು ಬಾಗಿಲು ಮುಚ್ಚುವ ಮೊತ್ತ.

ಮುಂಬದಿಯ ಚೀಟಿ ಬಂದರೆ

ಈಗ ಎಲ್ಲರ ಕಣ್ಣು ಮುಂಬದಿಯ ಲೇಬಲ್ ಮೇಲಿದೆ. 2022ರ ಸೆಪ್ಟೆಂಬರಿನ ಕರಡಿನಲ್ಲಿ ಪ್ರಾಧಿಕಾರ ಅರ್ಧದಿಂದ ಐದರ ತನಕ ನಕ್ಷತ್ರ ಕೊಡುವ ಪದ್ಧತಿ ಸೂಚಿಸಿತ್ತು. ಗ್ರಾಹಕ ಸಂಘಟನೆಗಳು ಒಪ್ಪಲಿಲ್ಲ. ನಕ್ಷತ್ರದ ಲೆಕ್ಕದಲ್ಲಿ ಉಪ್ಪು, ಸಕ್ಕರೆಗೆ ಅಂಕ ಕಳೆದು, ಪ್ರೋಟೀನ್, ನಾರಿನಂಶಕ್ಕೆ ಅಂಕ ಕೂಡಿಸುತ್ತಾರೆ. ಉಪ್ಪು ಮಿತಿಮೀರಿದ ತಿಂಡಿಗೂ ಚೂರು ಪ್ರೋಟೀನ್ ಸೇರಿಸಿ ಎರಡು ನಕ್ಷತ್ರ ಗಿಟ್ಟಿಸಬಹುದು, ಮತ್ತು ನಕ್ಷತ್ರ ಎಂಬುದೇ ಮೆಚ್ಚುಗೆಯ ಗುರುತು ಎಂಬುದು ಅವರ ತಕರಾರು. ಅವರು ಕೇಳುವುದು ಚಿಲಿ ದೇಶ 2016ರಲ್ಲಿ ತಂದಂಥ ಕಪ್ಪು ಎಂಟುಮೂಲೆಯ ಮುದ್ರೆಯನ್ನು: ‘ಉಪ್ಪು ಹೆಚ್ಚು’, ‘ಸಕ್ಕರೆ ಹೆಚ್ಚು’. ಸಾಂಪ್ರದಾಯಿಕ ತಿಂಡಿಗಳಿಗೂ ಮುದ್ರೆ ಬೀಳುತ್ತದೆ ಎಂಬುದು ಉದ್ಯಮದ ಆತಂಕ. ಅದು ಪೂರ್ತಿ ನೆಪವಲ್ಲ, ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವ ಮಹಿಳಾ ಸಂಘಗಳಿಗೂ ಅದು ತಟ್ಟುತ್ತದೆ. 2025ರ ಏಪ್ರಿಲ್ 9ರಂದು ಮೂರು ತಿಂಗಳ ಗಡುವು ಕೊಟ್ಟ ಸುಪ್ರೀಂ ಕೋರ್ಟ್ ಜುಲೈನಲ್ಲಿ ಇನ್ನೂ ಮೂರು ತಿಂಗಳು ಕೊಟ್ಟಿತು.

ನಕ್ಷತ್ರವೋ ಮುದ್ರೆಯೋ, ಎರಡರಲ್ಲಿ ಯಾವುದು ಬಂದರೂ ಮುಂಬದಿಯಲ್ಲಿ ಕಾಣುವುದು ಉಪ್ಪು, ಸಕ್ಕರೆ, ಕೊಬ್ಬಿನ ಲೆಕ್ಕ. ರುಚಿವರ್ಧಕಗಳು ಹಿಂಬದಿಯಲ್ಲೇ ಇರುತ್ತವೆ. ಆದರೂ ಮುದ್ರೆಯಿಂದ ಉಪಯೋಗವಿದೆ, ಯಾಕೆಂದರೆ ರುಚಿವರ್ಧಕ ತುಂಬಿದ ತಿಂಡಿಗಳಲ್ಲಿ ಬಹಳಷ್ಟು ಉಪ್ಪಿನ ಮುದ್ರೆಗೇ ಸಿಕ್ಕಿಬೀಳುತ್ತವೆ. ಓದು ಬಾರದವರಿಗೂ ಕಪ್ಪು ಮುದ್ರೆ ಕಾಣುತ್ತದೆ.

ದೂರು ಕೊಡುವ ದಾರಿ, ಮತ್ತು 98 ಚದರ ಸೆಂಟಿಮೀಟರ್

ಅಲ್ಲಿಯತನಕ ಅನುಮಾನ ಬಂದ ಪಾಕೀಟನ್ನು ಏನು ಮಾಡುವುದು? ಕಾಯ್ದೆಯ 40ನೇ ಕಲಮಿನ ಪ್ರಕಾರ ಕೊಂಡವರೇ ನಿಗದಿತ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ಹಾಗೆಂದು ತಿಳಿಸಬೇಕು. ಅದು ರಗಳೆ ಎನಿಸಿದರೆ ಜಿಲ್ಲೆಯ ಅಂಕಿತಾಧಿಕಾರಿಗೆ ಅಥವಾ ತಾಲ್ಲೂಕಿನ ಆಹಾರ ಸುರಕ್ಷತಾಧಿಕಾರಿಗೆ ಬರೆದುಕೊಡಬಹುದು, ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಫೋಟೊ ಸಮೇತ ಹಾಕಬಹುದು. ಮಿಸ್‌ಬ್ರಾಂಡಿಂಗ್ ಪ್ರಕರಣ ಅಪರ ಜಿಲ್ಲಾಧಿಕಾರಿಯ ಮುಂದೆ ಹೋಗುತ್ತದೆ. ದೂರಿನಲ್ಲಿ ‘ವಿಷ ಇದೆ’ ಎಂದು ಬರೆದರೆ ಲ್ಯಾಬ್ ವರದಿ ಬಂದು ಮುಗಿದುಹೋಗುತ್ತದೆ. ‘ಮುಂಬದಿಯಲ್ಲಿ ನೋ ಎಂಎಸ್‌ಜಿ ಎಂದಿದೆ, ಹಿಂಬದಿಯಲ್ಲಿ ಹೈಡ್ರೊಲೈಸ್ಡ್ ಪ್ರೋಟೀನ್ ಇದೆ’ ಎಂದು ಎರಡೂ ಬದಿಯ ಫೋಟೊ ಲಗತ್ತಿಸಿದರೆ ಅಧಿಕಾರಿ ಉತ್ತರ ಕೊಡಬೇಕಾಗುತ್ತದೆ.

ಇಷ್ಟೆಲ್ಲ ಹಿಂಬದಿ ಇರುವ ಪಾಕೀಟುಗಳ ಮಾತಾಯಿತು. ಒಂದು, ಎರಡು ರೂಪಾಯಿಯ ಪುಟ್ಟ ಪುಡಿಕೆಗಳಲ್ಲಿ ಹಲವಕ್ಕೆ ಆ ಹಿಂಬದಿಯೂ ಖಾಲಿ. 100 ಚದರ ಸೆಂಟಿಮೀಟರ್ ಮೀರದ ಪೊಟ್ಟಣಕ್ಕೆ ಪದಾರ್ಥಗಳ ಪಟ್ಟಿಯಿಂದಲೂ ಪೌಷ್ಟಿಕಾಂಶದ ಪಟ್ಟಿಯಿಂದಲೂ 2020ರ ನಿಯಮದಲ್ಲೇ ವಿನಾಯಿತಿ ಇದೆ. ಎರಡು ಮುಖ ಸೇರಿಸಿ ಲೆಕ್ಕ ಹಾಕಿದರೆ 7 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲದ ಪುಡಿಕೆಯ ಮೈ 98 ಚದರ ಸೆಂಟಿಮೀಟರ್. ವಿವರಗಳನ್ನು ಅವು ತುಂಬಿಬಂದ ದೊಡ್ಡ ಚೀಲದ ಮೇಲೆ ಬರೆದರೆ ಸಾಕು. ಆ ಚೀಲವನ್ನು ಅಂಗಡಿಯವರು ಬೆಳಿಗ್ಗೆ ಬಾಗಿಲು ತೆಗೆದು, ಪುಡಿಕೆಗಳ ಸರ ಮೊಳೆಗೆ ತೂಗುಹಾಕುವಾಗಲೇ ಹರಿದು ಕಸಕ್ಕೆ ಹಾಕಿರುತ್ತಾರೆ.